ಬುಟ್ಟಿಯ ಕೆಳಗಿನ ನೀರು

ಓರಗಿತ್ತಿಯ ಸೂರಿನ ಕೆಳಗೆ ಬದುಕುವುದು ಅಂದರೇನು ಅಂತ ಬದುಕಿದವರನ್ನೇ ಕೇಳಬೇಕು. ಆದಿಲಕ್ಷ್ಮಮ್ಮನನ್ನು ಕೇಳಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ, ಬರೀ ಮೂಗು ಮುರಿಯುತ್ತಿದ್ದಳು. ಅಣ್ಣತಮ್ಮಂದಿರು ಭಾಗವಾದಾಗ ಊರೊಳಗಿನ ಮನೆ ಭಾವ ದೊಡ್ಡಣ್ಣನ ಪಾಲಿಗೆ ಹೋಯಿತು. ಇವಳ ಗಂಡ ಆವುಲಪ್ಪನಿಗೆ ಬಂದದ್ದು ನರಿಗುಡ್ಡದ ಬುಡದ ಇಳಿಜಾರು. ಹುರುಳಿ ಎರಚಿದರೆ ಒಂದಿಷ್ಟು ಹುರುಳಿ, ಇಲ್ಲದಿದ್ದರೆ ಕಲ್ಲು. ಮನೆ ಕಟ್ಟಿಕೊಳ್ಳುವ ತನಕ ಇರಿ ಅಂತ ದೊಡ್ಡಣ್ಣ ಕೊಟ್ಟಿಗೆ ಪಕ್ಕದ ಪಡಸಾಲೆ ಬಿಟ್ಟುಕೊಟ್ಟ. ಆ 'ತನಕ' ಅನ್ನುವುದು ಎಳೆದೂ ಎಳೆದೂ, ಪಡಸಾಲೆಯಲ್ಲಿ ಆಡುತ್ತಿದ್ದ ಮಗಳು ಗಂಗರತ್ನಮ್ಮನಿಗೆ ಮದುವೆಯಾಗಿ ಅವಳು ಜೂಜುವಾಡಿಗೆ ಹೋಗುವವರೆಗೂ ಬಂತು.

ದೊಡ್ಡಣ್ಣನ ಹೆಂಡತಿ ಪಾಪಮ್ಮ ಕೆಟ್ಟವಳಲ್ಲ, ಬಾಯಿ ಮಾತ್ರ ಕೆಟ್ಟದ್ದು. ಮದುವೆಯ ಚಪ್ಪರ ಇನ್ನೂ ಬಿಚ್ಚಿರಲಿಲ್ಲ, ಆಗಲೇ ನಾಲ್ಕು ಜನರ ಮುಂದೆ ಕೇಳಿಬಿಟ್ಟಳು: "ಅಲ್ವೇ ಆದಿ, ನಾಳೆ ಮಗಳು ಬಸುರಿ ಅಂತ ಬಂದ್ರೆ ಎಲ್ಲಿ ಮಲಗಿಸ್ತೀಯೇ? ನಮ್ಮ ಎತ್ತಿನ ಪಕ್ಕದಾಗಾ?"

ನಾಲ್ಕು ಜನವೂ ನಕ್ಕರು. ಆದಿಲಕ್ಷ್ಮಮ್ಮನೂ ನಕ್ಕಳು. ಆಮೇಲೆ ಹಿತ್ತಲಿಗೆ ಹೋಗಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಅತ್ತಳು. ಹಾಳು ಮಾತು, ಮೈಯಲ್ಲಿ ಮುರಿದ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಏನಾದರಾಗಲಿ, ಮಗಳ ಬಾಣಂತನ ತನ್ನ ಗೋಡೆಗಳ ನಡುವೆ ಆಗಬೇಕು ಅಂತ ಹಟ ಹಿಡಿದಳು. ಆವುಲಪ್ಪ ಕೊನೆಗೂ ಗುಡ್ಡದ ಬುಡದಲ್ಲಿ ಗುದ್ದಲಿ ಹಾಕಿದ. ಮೇಲಿನ ಮಣ್ಣು ಕಡಿದು ಕೆಳಕ್ಕೆ ತುಂಬಿ, ಮನೆ ಹಿಡಿಸುವಷ್ಟು ಜಾಗ ಮಟ್ಟ ಮಾಡಿದ.

ಆಗ ಹೊಸೂರು ರಸ್ತೆ ರಿಪೇರಿಗೆ ಬಂದಿದ್ದ ಓವರ್ಸಿಯರ್ ಒಬ್ಬ, ಕೃಷ್ಣಗಿರಿ ಕಡೆಯ ತಮಿಳಿನವನು, ನೀರು ಕುಡಿಯಲು ಅಲ್ಲಿಗೆ ಬಂದ. ಕಡಿದ ಮಣ್ಣನ್ನೂ ತಲೆಯ ಮೇಲಿನ ಗುಡ್ಡವನ್ನೂ ನೋಡಿ, "ಒರು ಮಳೈ ಪಾತ್ತುಟ್ಟು ಕಟ್ಟುಂಗ" ಅಂದ. ಒಂದು ಮಳೆಗಾಲ ನೋಡಿಕೊಂಡು ಕಟ್ಟಿ ಅಂತ. ಮೇಲೊಂದು ಕೆಳಗೊಂದು ಗುಂಡಿ ತೋಡಿ, ಮಳೆಯಲ್ಲಿ ಏನಾಗುತ್ತದೆ ನೋಡಿ ಅಂತಲೂ ಹೇಳಿದ.

"ಅವ್ನಿಗೇನು, ಸರ್ಕಾರದ ಸಂಬಳ, ಹತ್ತು ಮಳೆ ಬೇಕಾದ್ರೂ ನೋಡ್ತಾನೆ" ಅಂದ ಆವುಲಪ್ಪ, ಅವನು ಅತ್ತ ಹೋದ ಮೇಲೆ. ಆದಿಲಕ್ಷ್ಮಮ್ಮನಿಗೂ ಸಿಟ್ಟು ಬಂತು. ಇನ್ನೊಂದು ಮಳೆಗಾಲ ಆ ಪಡಸಾಲೆಯಲ್ಲೇ? ನಾಲಗೆ ಸುಡಲಿ ಅವನದು!

ಮನೆ ಕಟ್ಟಲು ಬಂದವನು ಕದಿರಪ್ಪ ಮೇಸ್ತ್ರಿ, ಬಾಗಲೂರು ಕಡೆಯವನು. ಆ ಬಯಲು ಸೀಮೆಯಲ್ಲಿ ಅವನ ಕೈ ತಾಗದ ಗೋಡೆ ಕಡಿಮೆ. ನೆಲ ನೋಡದೆ ಅವನು ಮಣ್ಣು ಕಲೆಸುವವನೇ ಅಲ್ಲ. ಅದಕ್ಕೆ ಅವನ ಅಪ್ಪ ತಾತಂದಿರ ಕಾಲದ ಒಂದು ಪದ್ಧತಿ ಇತ್ತು. ಸಾಯಂಕಾಲ ಮನೆ ಬರುವ ಜಾಗದಲ್ಲಿ ಮೊಳದುದ್ದ ಗುಂಡಿ ತೆಗೆಯುವುದು. ಮನೆಯ ಮುತ್ತೈದೆ ಅದಕ್ಕೆ, ಅಂಚಿಗೆ ನಾಲ್ಕು ಬೆರಳು ಕಡಿಮೆ ಇರುವಂತೆ, ನೀರು ತುಂಬುವುದು. ಅರಿಶಿನ ಕುಂಕುಮ ಹಾಕಿ ಮೇಲೊಂದು ಬುಟ್ಟಿ ಕವುಚುವುದು. ಬೆಳಿಗ್ಗೆ ನೀರು ನಿಂತಿದ್ದರೆ ನೆಲ ಗಟ್ಟಿ, ಕಟ್ಟಬಹುದು. ಇಂಗಿ ತಳ ಕಂಡರೆ ಆ ಜಾಗದ ಆಸೆ ಬಿಡಬೇಕು.

ಮಾಘ ಮಾಸದ ಒಂದು ಸಂಜೆ ಆದಿಲಕ್ಷ್ಮಮ್ಮ ನೀರು ಹುಯ್ದಳು. ಆ ನೆಲ ಅವಳಿಗೆ ಗೊತ್ತಿಲ್ಲವೆ? ಜರಡಿಯಂಥ ಮಣ್ಣು, ಎಷ್ಟು ಹುಯ್ದರೂ ಕುಡಿಯುತ್ತದೆ. ಬೆಳಿಗ್ಗೆ ಬುಟ್ಟಿ ಎತ್ತಿದರೆ ಒಣ ತಳ ಕಾಣುತ್ತದೆ, ಕದಿರಪ್ಪ ಸಲಕರಣೆ ಹೆಗಲಿಗೇರಿಸಿ ಹೊರಡುತ್ತಾನೆ, ಪಾಪಮ್ಮನ ಬಾಯಿಗೆ ಇನ್ನೊಂದು ವರ್ಷದ ಮೇವು ಸಿಗುತ್ತದೆ. ಕೋಳಿ ಕೂಗುತ್ತಲೇ ಎದ್ದು, ಬಿಂದಿಗೆ ತುಂಬ ನೀರು ತೆಗೆದುಕೊಂಡು, ಸೆರಗು ಹೊದ್ದು ಗುಡ್ಡದ ಕಡೆ ನಡೆದಳು. ದೇವರಿಗೇ ಮೋಸ ಮಾಡಲು ಹೊರಟಿದ್ದಳು ಅನ್ನಿ. ಅವಳಿಗೆ ಅದು ಮೋಸ ಅನ್ನಿಸಲೇ ಇಲ್ಲ.

ಅರ್ಧ ದಾರಿಯಲ್ಲಿ ಯಾರೋ ಬರುವುದು ಕಂಡು ಹರಳು ಗಿಡಗಳ ಮರೆಗೆ ಸರಿದಳು. ನೋಡಿದರೆ ಗಂಡ! ಗುಂಡಿಯ ಕಡೆಯಿಂದಲೇ ಬರುತ್ತಿದ್ದ, ಕೈಯಲ್ಲಿ ಚೆಂಬು, ಮುಖದಲ್ಲಿ ಏನೋ ಒಂದು ನಗು. ಅವನು ದಾಟಿ ಹೋದ ಮೇಲೆ ಇವಳು ಓಡಿ ಹೋಗಿ ಬುಟ್ಟಿ ಎತ್ತಿ ನೋಡಿದಳು. ಗುಂಡಿ ಅಂಚಿನವರೆಗೆ ತುಂಬಿ, ಒಂದು ಕಡೆ ಚೆಲ್ಲಿತ್ತು ಕೂಡ.

ಅಯ್ಯೋ ಶಿವನೇ ಅಂದುಕೊಂಡಳು. ಇಷ್ಟು ವರ್ಷ ಹೆಂಡತಿಗೆ ತಲೆನೋವು ಬಂದರೆ ಏನೇ ಅಂತ ಕೇಳದವನು, ಅವಳ ಆಸೆಗಾಗಿ ಕದ್ದು ಬಂದು ನೀರು ಹುಯ್ದಿದ್ದಾನೆ! ತಂದ ನೀರನ್ನು ಹರಳು ಗಿಡದ ಬುಡಕ್ಕೆ ಸುರಿದು, ಖಾಲಿ ಬಿಂದಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಆವುಲಪ್ಪ ಅವಳನ್ನೂ ಸೆರಗಿನ ಉಬ್ಬನ್ನೂ ನೋಡಿ ಮುಖ ತಿರುಗಿಸಿದ.

ಬೆಳಗಾದ ಮೇಲೆ ಕದಿರಪ್ಪ ಬುಟ್ಟಿ ಎತ್ತಿ ಕೆನ್ನೆ ಕೆನ್ನೆ ಬಡಿದುಕೊಂಡ. "ತಾಯಿ ಗಂಗಮ್ಮ! ಹಾಕಿದ್ದಕ್ಕಿಂತ ಜಾಸ್ತಿ ನಿಂತವ್ಳೆ! ಇಂಥ ನೆಲ ನಾನು ನೋಡೇ ಇಲ್ಲ ಕಣಪ್ಪೋ!" ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿಕೊಂಡರು, ತಟ್ಟನೆ ಬೇರೆ ಕಡೆ ನೋಡಿದರು. ಕಳ್ಳರಿಬ್ಬರಿಗೆ ಒಟ್ಟಿಗೆ ನಗು ಬಂದರೆ ಹೇಗಿರುತ್ತದೋ ಹಾಗಿತ್ತು.

ಆ ಬೇಸಿಗೆ ಆದಿಲಕ್ಷ್ಮಮ್ಮನ ಬಾಳಿನಲ್ಲಿ ಬಂದ ಒಳ್ಳೆಯ ಬೇಸಿಗೆ. ಗೋಡೆ ಏಳುತ್ತಿತ್ತು. ಗಂಡನ ಮುದ್ದೆಯ ಜೊತೆ ಒಂದು ತೊಟ್ಟು ತುಪ್ಪ ಹೆಚ್ಚಾಗಿ ಬೀಳುತ್ತಿತ್ತು. ಅವನೂ ಹೊಸೂರು ಸಂತೆಯಿಂದ ಹಸಿರು ಬಳೆ ತಂದು, ಕೊಡುವಾಗ ನಾಚಿಕೊಂಡು, "ಅಂಗಡಿಯೋನು ತಗಳಪ್ಪ ಅಂತ ಕಟ್ಬುಟ್ಟ" ಅಂತ ಸುಳ್ಳು ಹೇಳಿದ. ಗುಂಡಿಯ ವಿಷಯ ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಕೆಲವು ಸುಖ ಬಾಯಿಗೆ ಬಂದರೆ ಕೆಡುತ್ತದೆ ಅಂತ ಅವಳಿಗೆ ಹೆದರಿಕೆ.

ಆಷಾಢ ಕಳೆದು ಹೊಸ ಮನೆ ಹೊಕ್ಕರು. ಮಗಳು ರತ್ನ ಬಸುರಿ ಅನ್ನುವ ಸುದ್ದಿ ಜೂಜುವಾಡಿಯಿಂದ ಬಂದಿತ್ತು. ಮಹಾನವಮಿ ಮುಗಿದ ಮೇಲೆ ಕರೆತರುವುದು ಅಂತ ಮಾತಾಯಿತು. ಗುಡ್ಡದ ಕಡೆಯ ಹಿಂದಿನ ಕೋಣೆ ಗಾಳಿ ನುಗ್ಗದೆ ಬೆಚ್ಚಗಿತ್ತು. ಬಾಣಂತಿಗೆ ಅದೇ ಸರಿ ಅಂತ ಆದಿಲಕ್ಷ್ಮಮ್ಮ ಅಲ್ಲೇ ಹಗ್ಗದ ಮಂಚ ಹಾಕಿಸಿದಳು, ತೊಲೆಗೆ ತೊಟ್ಟಿಲು ಕಟ್ಟುವ ಕೊಂಡಿ ಹೊಡೆಸಿದಳು. ಪಾಪಮ್ಮನನ್ನು ಕರೆದು ತೋರಿಸಿದಳು ಕೂಡ. ಪಾಪಮ್ಮ ಕೊಂಡಿ ನೋಡಿ "ಗಟ್ಟಿಯಾಗೈತೆ" ಅಂದಳು, ಬೇರೇನೂ ಹೇಳಲಿಲ್ಲ. ಆ ರಾತ್ರಿ ಆದಿಲಕ್ಷ್ಮಮ್ಮ ನಿದ್ದೆಯಲ್ಲೂ ನಕ್ಕಿರಬೇಕು.

ಮಳೆ ಹಿಡಿಯಿತು. ಬೇಸಿಗೆಯಲ್ಲಿ ಬೆರಳಲ್ಲಿ ತಳ್ಳಿದರೆ ಮುಚ್ಚುತ್ತಿದ್ದ ಹಿಂದಿನ ಕೋಣೆಯ ಬಾಗಿಲು ಹೆಗಲು ಕೊಟ್ಟರೂ ಮುಚ್ಚದಾಯಿತು. ಮರ ನೀರು ಕುಡಿದಿದೆ ಅಂದ ಆವುಲಪ್ಪ. ನೆಲದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಸಗಣಿ ಹಾಕಿ ಬಳಿದಳು. ಮರುದಿನ ಅದೇ ಜಾಗದಲ್ಲಿ ಬಾಯಿ ಬಿಟ್ಟಿತ್ತು, ಮತ್ತೆ ಬಳಿದಳು, ಮತ್ತೆ ಬಿಟ್ಟಿತು. ದೋಸೆಗೆ ಹಿಟ್ಟು ರುಬ್ಬುವಾಗ ಒರಳಿನಿಂದ ಹಿಟ್ಟು ಯಾವಾಗಲೂ ಒಂದೇ ಕಡೆಗೆ, ಇಳಿಜಾರಿನ ಕಡೆಗೆ, ಉಕ್ಕಿ ಬೀಳುತ್ತಿತ್ತು. ಆ ಒರಳನ್ನು ಮಟ್ಟ ನೋಡಿ ಹೂಳಿಸಿದವಳು ಅವಳೇ. ಕೂತರೆ ಕೂರಲಾರಳು, ನಿಂತರೆ ನಿಲ್ಲಲಾರಳು. ಮಾಡುವ ಕೆಲಸ ಬಿಟ್ಟು ಹಿಂದಿನ ಕೋಣೆಗೆ ಹೋಗಿ ಬಾಗಿಲು ತಳ್ಳುವುದು, ಬಿರುಕಿನ ಮೇಲೆ ಕೈಯಾಡಿಸುವುದು, ಬರುವುದು, ಮತ್ತೆ ಹೋಗುವುದು.

ಕದಿರಪ್ಪನನ್ನು ಕರೆಸಿದಳು. ಅವನು ಗೋಡೆ ತಟ್ಟಿ ನೋಡಿ ನಕ್ಕ. "ಹೊಸ ಗೋಡೆ ಕಣಮ್ಮ, ಮೈ ಮುರೀತದೆ ಅಷ್ಟೆ. ನೆಲದ್ ಮೇಲೆ ಮಾತ್ರ ಗುಮಾನಿ ಪಡ್ಬ್ಯಾಡಿ. ನೀರು ನಿಂತ ನೆಲ ಇದು, ನೀವೇ ಕಣ್ಣಾರೆ ನೋಡಿದ್ರಲ್ಲ?"

ಆದಿಲಕ್ಷ್ಮಮ್ಮ ನೆಲದ ಬಿರುಕಿನ ಕಡೆ ನೋಡಿದಳು. ನೀರು ತಾನಾಗಿ ನಿಂತಿರಲಿಲ್ಲವಲ್ಲ! ಗಂಡ ಹುಯ್ದ ನೀರು ಅದು. ನೆಲ ಒಲ್ಲೆ ಅಂದಿದ್ದನ್ನು ಮುಚ್ಚಿಟ್ಟು ಕಟ್ಟಿದ ಮನೆ. ಆ ಸುಳ್ಳಿನ ಮೇಲೆ ಮಗಳು ಬಂದು ಮಲಗಬೇಕು, ಹಸುಗೂಸಿನ ಜೊತೆ. ಮಧ್ಯಾಹ್ನ ಉಣ್ಣಲು ಕೂತ ಗಂಡನ ಮುಂದೆ ಸಾರಿನ ಪಾತ್ರೆ ಇಟ್ಟು, ಬಡಿಸದೆ ನಿಂತಳು.

"ಇಗೋ, ಒಂದ್ ಮಾತು. ಬಯ್ಬ್ಯಾಡಿ."

"ಸಾರು ಬಿಟ್ಟು ಯೋಳು."

"ಅವತ್ತು ಗುಂಡಿಗೆ ನೀರು ಸುರುದ್ರಲ್ಲ, ಅದನ್ನ ಮೇಸ್ತ್ರಿಗೆ ಯೋಳ್ಬುಡಾನ. ನನ್ನ ಆಸೆಗೆ ನೀವು ಮಾಡಿದ್ದು, ನಂಗೊತ್ತು. ಆದ್ರೂ ಯೋಳ್ಬುಡಾನ."

ಆವುಲಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ನಾನೆಲ್ಲೇ ಸುರುದೆ? ಸುರುದೋಳು ನೀನು. ಖಾಲಿ ಬಿಂದಿಗೆ ಸೆರಗ್ನಾಗೆ ಮುಚ್ಕೊಂಡು ಬಂದಿದ್ ನಾನು ನೋಡ್ಲಿಲ್ವಾ?"

"ನಾನು ಹೋಗೋ ಹೊತ್ತಿಗೇ ತುಂಬಿತ್ತು! ನೀವು ಚೆಂಬು ಹಿಡ್ಕೊಂಡು ಬತ್ತಿದ್ರಿ."

"ಸುರಿಯಾನ ಅಂತ್ಲೇ ಚೆಂಬು ತಗೊಂಡು ಹೋದೆ. ನೋಡಿದ್ರೆ ಅಂಚಿಗಂಟ ತುಂಬೈತೆ. ಓಹೋ, ನಮ್ಮೋಳು ಆಗ್ಲೇ ಬಂದು ಹೋಗವ್ಳೆ, ಜಾಣೆ ಅಂದ್ಕೊಂಡು ವಾಪಸ್ ಬಂದೆ."

ಆವುಲಪ್ಪ ತೊಡೆ ತಟ್ಟಿ ನಗಲು ಶುರುಮಾಡಿದ. "ಹಂಗಾದ್ರೆ ಯಾರೂ ಸುರೀಲಿಲ್ಲ! ನೀರು ತಾನಾಗೇ ನಿಂತೈತೆ ಕಣೇ! ನೆಲ ಬಂಗಾರ! ಇಷ್ಟ್ ದಿನ ನಾನು ಒಳಗೊಳಗೇ ಹೆದ್ರುಕೊಂಡು ಸಾಯ್ತಿದ್ದೆ, ಥೂ!"

ಅವಳಿಗೆ ನಗು ಬರಲಿಲ್ಲ. ಮೊದಲು ಬಂದದ್ದು ಅಳು. ಇಡೀ ಬೇಸಿಗೆ ಎದೆಯಲ್ಲಿಟ್ಟುಕೊಂಡು ಬೆಚ್ಚಗಿದ್ದ ಒಂದು ವಸ್ತು ತನ್ನದಲ್ಲ ಅಂತ ಗೊತ್ತಾದ ಅಳು ಅದು. ಅದು ಕಳೆದ ಮೇಲೆ ಬಂದದ್ದು ಭಯ. ನಾಲ್ಕು ಬೆರಳು ಕಡಿಮೆ ಹುಯ್ದಿದ್ದಳು, ಬೆಳಿಗ್ಗೆ ಅಂಚು ಮೀರಿತ್ತು. ಜರಡಿಯಂಥ ಮಣ್ಣಿನಲ್ಲಿ ನೀರು ಇಂಗದೆ ಇರುವುದು ಹಾಗಿರಲಿ, ಹೆಚ್ಚಾದದ್ದು ಹೇಗೆ?

"ಆ ನಾಕ್ ಬೆರಳು ನೀರು ಎಲ್ಲಿಂದ ಬಂತು?" ಅಂದಳು.

"ಎಲ್ಲಿಂದಾನೋ ಬಂತು. ಗಂಗಮ್ಮ ಕೊಟ್ಲು."

"ನರಿಗುಡ್ಡದ ತಲೆಯೆಲ್ಲಾ ಬೋಳುಬಂಡೆ. ಅದರ ಮ್ಯಾಲೆ ಬಿದ್ದ ಮಳೆ ಎಲ್ಲಿಗೋಯ್ತದೆ? ಗುಡ್ಡದಾಗೆ ಒಂದು ಹಳ್ಳ ಐತಾ? ಒಂದು ಕಾಲುವೆ ಐತಾ?"

"ಉಣ್ಣೋ ಹೊತ್ನಾಗೆ ತಲೆ ತಿನ್ಬ್ಯಾಡ" ಅಂತ ಎದ್ದು ಹೋಗಿಬಿಟ್ಟ. ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಮರುದಿನ ಅವನು ಹೊಲದಿಂದ ಬಂದಾಗ ಆದಿಲಕ್ಷ್ಮಮ್ಮ ಹಿಂದಿನ ಕೋಣೆಯಲ್ಲಿ ಮಂಚ ಸರಿಸಿ, ಬಳಿದು ನುಣುಪಾಗಿದ್ದ ನೆಲವನ್ನು ಗುದ್ದಲಿಯಲ್ಲಿ ಅಗೆದಿದ್ದಳು. ಮೊಳದುದ್ದ ಗುಂಡಿ. ಅವನು ಕೂಗಾಡಿದ ಕೂಗಾಟ ಕೇಳಿ ದಾರಿಯಲ್ಲಿ ಹೋಗುವವರು ನಿಂತರು. ಹುಚ್ಚು ಹಿಡೀತಾ, ಗ್ರಹ ಬಡೀತಾ ಅಂದ. ಅವಳು ಬೆವರು ಒರೆಸಿಕೊಂಡು ಗುಂಡಿಯ ಒಂದು ಪಕ್ಕ ಕೂತಳು.

"ಒಂದ್ ತೊಟ್ಟೂ ನೀರು ಹಾಕಿಲ್ಲ. ನೀವು ಆ ಕಡೆ ಕುಂತ್ಕಳಿ, ನಾನ್ ಈ ಕಡೆ ಕುಂತಿರ್ತೀನಿ. ಯಾರೂ ಸುರಿಯೋದ್ ಬ್ಯಾಡ."

ಕೂತರು. ಹೊರಗೆ ಜಡಿಮಳೆ. ಇಬ್ಬರೂ ಒಬ್ಬರ ಕೈಯನ್ನೊಬ್ಬರು ನೋಡುತ್ತಾ ಕೂತಿದ್ದನ್ನು ಕಂಡಿದ್ದರೆ ಯಾರಾದರೂ ನಗುತ್ತಿದ್ದರು. ಅವನಿಗೆ ಬಾಯಾರಿಕೆಯಾಯಿತು. ಹೊರಗೆ ಹೋಗಿ ಕುಡಿದು ಬನ್ನಿ ಅಂದಳು. ನಾನು ಅತ್ತ ಹೋದರೆ ನೀನು ಇತ್ತ ಸುರಿದುಬಿಡುತ್ತೀಯ ಅಂತ ಅವನು ಏಳಲಿಲ್ಲ. ದನ ಮನೆಗೆ ಬರುವ ಹೊತ್ತಿಗೆ ಗುಂಡಿಯ ಗುಡ್ಡದ ಕಡೆಯ ಗೋಡೆ ಬೆವರತೊಡಗಿತು. ಮೊದಲು ಒಂದು ಹಸಿ ಗೆರೆ. ಆಮೇಲೆ ಗೆರೆಯಿಂದ ಹನಿ. ಆಮೇಲೆ ತಳ ಮಿನುಗಿತು. ಆವುಲಪ್ಪ ಕೈಯಿಟ್ಟು ನೋಡಿದ. ಹೆಬ್ಬೆರಳು ಒತ್ತಿದಲ್ಲಿ ಮಣ್ಣು ಬೆಣ್ಣೆಯ ಹಾಗೆ ಒಳಸರಿಯಿತು. ಅವನು ಕೈ ತೆಗೆದು ಪಂಚೆಗೆ ಒರೆಸಿಕೊಂಡ.

"ಮಂಗಳವಾರ ರತ್ನನ್ನ ಕರ್ಕೊಂಡು ಬರ್ಬೇಕು" ಅಂದ.

"ಇಲ್ಲಿಗೆ ಬ್ಯಾಡ."

"ಮತ್ತೆಲ್ಲಿಗೆ?"

ಎಲ್ಲಿಗೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆದಿಲಕ್ಷ್ಮಮ್ಮ ಎದ್ದು, ಮಣ್ಣಿನ ಕೈ ತೊಳೆದು, ಊರೊಳಕ್ಕೆ ನಡೆದಳು. ಆ ದಾರಿ ಅವತ್ತಿನಷ್ಟು ದೂರ ಎಂದೂ ಇರಲಿಲ್ಲ. ಪಾಪಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು.

"ಅಕ್ಕಾ, ರತ್ನನ ಬಾಣಂತನಕ್ಕೆ ಜಾಗ ಕೊಡ್ಬೇಕು. ಕೊಟ್ಟಿಗೆ ಪಕ್ಕ ಆದ್ರೂ ಪರ್ವಾಗಿಲ್ಲ."

ಪಾಪಮ್ಮ ಮೊರ ಕೆಳಗಿಟ್ಟಳು. "ಕೊಂಡಿ ಹೊಡ್ಸಿ ತೋರಿಸ್ದೆಯಲ್ಲೇ ತಾಯಿ, ಏನಾಯ್ತು ಆ ಅರಮನೆಗೆ?" ಅಂದಳು. ಆದಿಲಕ್ಷ್ಮಮ್ಮ ಹೇಳಿದಳು, ಗುಂಡಿಯಿಂದ ಹಿಡಿದು ಬಿಂದಿಗೆ ಚೆಂಬಿನವರೆಗೆ ಒಂದೂ ಬಿಡದೆ. ಕೇಳುತ್ತಾ ಪಾಪಮ್ಮನ ಮುಖದ ಕುಚೋದ್ಯ ಇಳಿಯಿತು. "ನಡುಮನೆ ಖಾಲಿ ಮಾಡಿಸ್ತೀನಿ. ಹೆಣ್ಮಗಳನ್ನ ಎತ್ತಿನ ಪಕ್ಕ ಮಲಗ್ಸೋಕೆ ನಾನೇನು ರಾಕ್ಷಸೀನಾ? ಬಾಯಿಗೆ ಬಂದಿದ್ದಂದ್ರೆ ಅದನ್ನೇ ಗಂಟು ಕಟ್ಕೊಂಡು ಕುಂತವ್ಳೆ, ನೋಡು!" ಅಂತ ಬೈದಳು. ಆದಿಲಕ್ಷ್ಮಮ್ಮ ಕಂಬ ಹಿಡಿದು ಅತ್ತಳು. ಉಪಕಾರಕ್ಕೆ ಅತ್ತಳೋ, ಹೊಟ್ಟೆಯ ಉರಿಗೆ ಅತ್ತಳೋ, ಅವಳಿಗೂ ತಿಳಿಯಲಿಲ್ಲ.

ಊರು ನಕ್ಕಿತು. ಅಂಗೈಯಗಲದ ನೀರು ಕಂಡು ಹೊಸ ಮನೆ ಬಿಟ್ಟವರು ಅಂತ. ಕದಿರಪ್ಪ ಸಿಟ್ಟಾಗಿ, ನನ್ನ ಹೆಸರು ಕೆಡಿಸಿದಿರಿ ಅಂತ ಜಗಳಕ್ಕೇ ಬಂದ. ಗುಂಡಿಯ ಪಕ್ಕ ಕೂತ ಮೇಲೆ ಜಗಳ ಮರೆತ. "ನಾನು ಬಯಲು ಸೀಮೆಯೋನು ಕಣಮ್ಮ. ನಮ್ ಕಡೆ ನೀರು ನಿಂತ್ರೆ ನಿಂತಂಗೆ. ಇದು ನಿಂತಿಲ್ಲ, ಒಳಗೊಳಗೇ ನಡೀತಾ ಐತೆ. ಗುಡ್ಡದ ಬುಡದಾಗೆ ನಾನು ಹಿಂದೆ ಕಟ್ಟೇ ಇರ್ಲಿಲ್ಲ, ಅದನ್ನ ಮೊದ್ಲೇ ಯೋಳ್ಬೇಕಿತ್ತು" ಅಂದ. ಹೆಂಚಾದರೂ ಉಳಿಸಿಕೊಳ್ಳಿ ಅಂತ ಹೇಳಿ, ಕೂಲಿಯ ಮಾತೆತ್ತದೆ ಒಂದು ದಿನ ತಾನೂ ಮಾಡು ಹತ್ತಿ ಇಳಿಸಿಕೊಟ್ಟು ಹೋದ.

ರತ್ನ ಬಂದಳು, ನಡುಮನೆಯಲ್ಲಿ ಮಲಗಿದಳು. ಅವಳೇನೋ ಕ್ಷೇಮ. ಈಗ ಆದಿಲಕ್ಷ್ಮಮ್ಮನಿಗೆ ಗಂಡನ ಚಿಂತೆ. ಆವುಲಪ್ಪ ದಿನಾ ಹೊಸ ಮನೆಯ ಮಾಡು ಹತ್ತಿ ಹೆಂಚು ಇಳಿಸುತ್ತಿದ್ದ, ಬೇಡ ಅಂದರೆ ಕೇಳುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಮಳೆ ಬಿಡದೆ ಹೊಡೆಯಿತು. ಒಂದು ಮಧ್ಯಾಹ್ನ ಮಗಳ ತಲೆ ಬಾಚುತ್ತಿದ್ದವಳು, ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಎದ್ದು ಗೋಣಿತಾಟು ತಲೆಗೆ ಹಾಕಿಕೊಂಡು ಓಡಿದಳು.

ಅವನು ಮಾಡಿನ ಮೇಲಿದ್ದ. ಅವಳು ಒಳಗೆ ಕಾಲಿಡುವಷ್ಟರಲ್ಲಿ, ತಿಂಗಳಿಂದ ಯಾರು ತಳ್ಳಿದರೂ ಅಲುಗದ ಹಿಂದಿನ ಕೋಣೆಯ ಬಾಗಿಲು ತಾನಾಗಿ ತಿರುಗಿ ಧಡ್ ಅಂತ ಮುಚ್ಚಿಕೊಂಡಿತು. ಗಾಳಿ ಇರಲಿಲ್ಲ.

"ಇಳೀರಿ!" ಅಂತ ಚೀರಿದಳು. "ನಿಮ್ ದಮ್ಮಯ್ಯ, ಇಳೀರಿ!"

ಆವುಲಪ್ಪ ಯಾಕೆ ಅನ್ನಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲ ಸಲ ಯಾಕೆ ಅನ್ನಲಿಲ್ಲ. ಕೈಯಲ್ಲಿದ್ದ ಹೆಂಚುಗಳನ್ನು ಬಿಟ್ಟು ಧುಮುಕಿದ. ಇಬ್ಬರೂ ಪಕ್ಕದ ಹರಳು ಹೊಲಕ್ಕೆ ಅಡ್ಡಲಾಗಿ ಓಡಿ ತಿರುಗಿ ನೋಡಿದರು. ಗುಡ್ಡ ಗುಡುಗಲಿಲ್ಲ, ಆರ್ಭಟಿಸಲಿಲ್ಲ. ಮನೆಯ ಹಿಂದಿನ ಮಣ್ಣು ಹುರುಳಿ ಗಿಡಗಳ ಸಮೇತ, ಗಂಜಿ ಬಾಗಿಸಿದಂತೆ, ಮೆಲ್ಲಗೆ ಸರಿದು ಬಂತು. ಹಿಂದಿನ ಗೋಡೆ ಒಳಕ್ಕೆ ಮಡಚಿತು. ಬಾಣಂತಿ ಕೋಣೆ ಸೊಂಟದೆತ್ತರ ಕೆಸರಲ್ಲಿ ತುಂಬಿತು, ಕೊಂಡಿ ಹೊಡೆದಿದ್ದ ತೊಲೆ ಸರಿಯಾಗಿ ಮಂಚದ ಮೇಲೆ ಬಿತ್ತು.

ಆದಿಲಕ್ಷ್ಮಮ್ಮ ಗಂಡನ ತೋಳನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಬಳೆಗಳು ಒಡೆದು ಅವನ ತೋಳಿಗೆ ಚುಚ್ಚಿ ರಕ್ತ ಬಂದಿತ್ತು. ಅವನು ಬಿಡಿಸಿಕೊಳ್ಳಲಿಲ್ಲ.

ಪುಷ್ಯದಲ್ಲಿ ರತ್ನ ಹೆಣ್ಣುಮಗು ಹೆತ್ತಳು. ಪಾಪಮ್ಮ ಕೂಸನ್ನು ಕೆಳಗಿಳಿಸದೆ ಎತ್ತಿಕೊಂಡು ತಿರುಗಿದಳು, ಜೊತೆಗೆ ಬೈಯುತ್ತಲೂ ತಿರುಗಿದಳು. ದೊಡ್ಡಣ್ಣ ತನ್ನ ಬಯಲು ಹೊಲದ ಒಂದು ಮೂಲೆಯನ್ನು ತಮ್ಮನಿಗೆ ಬಿಟ್ಟುಕೊಟ್ಟ. ಮಾಘದಲ್ಲಿ ಕದಿರಪ್ಪ ಮತ್ತೆ ಬಂದ, ಗುಂಡಿ ತೆಗೆಸಿದ. ಆದಿಲಕ್ಷ್ಮಮ್ಮ ಮತ್ತೆ ನಾಲ್ಕು ಬೆರಳು ಬಿಟ್ಟು ನೀರು ಹುಯ್ದಳು, ಬುಟ್ಟಿ ಕವುಚಿದಳು.

ಕೋಳಿ ಕೂಗಿತು. ಮಲಗಿರಲಾರದೆ ಎದ್ದು ಹೊರಟಳು, ಬಿಂದಿಗೆ ಮುಟ್ಟಲಿಲ್ಲ. ಹೊಲದ ಬದುವಿನ ಮೇಲೆ ಆವುಲಪ್ಪ ಆಗಲೇ ನಿಂತಿದ್ದ. ಅವಳನ್ನು ಕಂಡ ಕೂಡಲೇ ದೂರದಿಂದಲೇ ಎರಡು ಕೈಯನ್ನೂ ಮುಂದೆ ಚಾಚಿ ಅಂಗೈ ತೋರಿಸಿದ, ಖಾಲಿ. ಅವಳೂ ಸೆರಗು ಕೊಡವಿ ತೋರಿಸಿದಳು. ಕದಿರಪ್ಪ ಬರುವವರೆಗೆ ಇಬ್ಬರೂ ಬುಟ್ಟಿಯ ಹತ್ತಿರ ಹೋಗಲಿಲ್ಲ.

ನೀರು ಒಂದಿಷ್ಟು ಇಳಿದು ತಿಳಿಯಾಗಿ ನಿಂತಿತ್ತು. "ಕಟ್ಬೋದು" ಅಂದ ಕದಿರಪ್ಪ, ಆದರೆ ಈ ಸಲ ಕೆನ್ನೆ ಬಡಿದುಕೊಳ್ಳಲಿಲ್ಲ.

ಆವುಲಪ್ಪ ಹೆಂಡತಿಯ ಮುಖ ನೋಡಿದ. "ಒಂದ್ ಮಳೆ ನೋಡಾನ" ಅಂದ.

ಊರೊಳಗಿಂದ ಪಾಪಮ್ಮನ ಬಾಯಿ ಕೇಳಿಸುತ್ತಿತ್ತು. ಒಲೆ ಹತ್ತಿಸುವ ಹೊತ್ತಾಯಿತು, ಮಹಾರಾಣಿ ಎಲ್ಲಿಗೆ ಹೋದಳು ಅಂತ. ಆದಿಲಕ್ಷ್ಮಮ್ಮ ಅತ್ತ ತಿರುಗಿ ಕೇಳಿಸಿಕೊಂಡಳು, ಆಮೇಲೆ ಗುಂಡಿಯನ್ನು ನೋಡಿದಳು.

"ಎಲ್ಡು ನೋಡಾನ" ಅಂದಳು.